ಮುಚ್ಚಿದ ವಿಮಾನ ನಿಲ್ದಾಣದಲ್ಲಿ ಊರು ಕಟ್ಟುವುದು: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಯೋಜನೆ ಬಗ್ಗೆ ಮಾತು ಬಂದಾಗಲೆಲ್ಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜನ ನನ್ನನ್ನು ಕೇಳುವ ಪ್ರಶ್ನೆಗಳಿವು. ಕೆಲವು ಮದುವೆ ಮನೆಯಲ್ಲಿ ಬಂದವು, ಕೆಲವು ಪತ್ರದಲ್ಲಿ. ಇನ್ನು ಕೆಲವನ್ನು ಕೇಳಿದವರು ಹೊಸ ಪ್ಲಾಟು ತೋರಿಸಲು ಕರೆದುಕೊಂಡು ಹೋದವರು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಾಗದಪತ್ರ ಮತ್ತು ಹಣಕಾಸಿನದ್ದು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲು ಕೇಳುವವು

ವಿಮಾನ ಇಳಿಯೋ ಜಾಗದಾಗ ಊರು ಕಟ್ಟ್ಯಾರಂತ, ಖರೇ ಏನ್ರಿ?

ಖರೇನೇ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಆಸ್ಪರ್ನ್ ಅಂತ ಒಂದು ವಿಮಾನ ನಿಲ್ದಾಣ ಇತ್ತು. 1912ರಲ್ಲಿ ಶುರುವಾಗಿ 1977ರಲ್ಲಿ ಮುಚ್ಚಿತು. ಆ 240 ಹೆಕ್ಟೇರಿನಲ್ಲಿ, ಅಂದರೆ ಸುಮಾರು 600 ಎಕರೆಯಲ್ಲಿ, ಈಗ ಸೇಸ್ಟಾಟ್ ಎಂಬ ಊರು ಎದ್ದಿದೆ. ಅಮೆರಿಕದ ಡೆನ್ವರ್‌ನಲ್ಲಿ 1995ರಲ್ಲಿ ಮುಚ್ಚಿದ ಸ್ಟೇಪಲ್ಟನ್ ನಿಲ್ದಾಣದ 4,700 ಎಕರೆಯಲ್ಲಿ ದೊಡ್ಡ ಬಡಾವಣೆಯೇ ಆಯಿತು. ಆಸ್ಟಿನ್ ನಗರದ ಮುಲ್ಲರ್ ನಿಲ್ದಾಣ 1999ರಲ್ಲಿ, ಹಾಂಗ್‌ಕಾಂಗ್‌ನ ಕೈ ಟಾಕ್ 1998ರಲ್ಲಿ ಮುಚ್ಚಿದವು. ಎರಡು ಕಡೆಯೂ ಈಗ ಮನೆಗಳಿವೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಒಂದು ವಾಯುನೆಲೆಯಲ್ಲಿ ನಾರ್ಥ್‌ಸ್ಟೋ ಅನ್ನುವ ಹೊಸ ಊರನ್ನು 10,000 ಮನೆಗಳ ಲೆಕ್ಕದಲ್ಲಿ ಕಟ್ಟುತ್ತಿದ್ದಾರೆ.

ಕಾರಣ ಸರಳ. ಊರು ಬೆಳೆದು ನಿಲ್ದಾಣದ ಕಾಂಪೌಂಡಿಗೆ ಬಂದು ತಾಗುತ್ತದೆ. ವಿಮಾನಗಳು ದೊಡ್ಡದಾಗುತ್ತವೆ, ಸದ್ದು ಜಾಸ್ತಿಯಾಗುತ್ತದೆ, ಹೊಸ ನಿಲ್ದಾಣ ಊರಾಚೆ ಹೋಗುತ್ತದೆ. ಆಗ ಹಳೇ ಜಾಗದಲ್ಲಿ ನೂರಾರು ಎಕರೆ ಒಬ್ಬರದೇ ಹೆಸರಿನಲ್ಲಿ, ಒಂದೇ ಕಡೆ ಉಳಿಯುತ್ತದೆ. ಊರಿನ ಮಧ್ಯೆ ಅಂಥ ಜಾಗ ಬೇರೆ ಯಾವ ರೀತಿಯಲ್ಲೂ ಸಿಗುವುದಿಲ್ಲ.

ಹಂಗಾದ್ರ ನಮ್ಮ ಬೀದರ್ ಏರ್‌ಫೋರ್ಸ್ ಜಾಗ, ಕಲಬುರಗಿ ಏರ್‌ಪೋರ್ಟು, ಇವನ್ನೂ ಮುಂದ ಪ್ಲಾಟ್ ಮಾಡ್ತಾರೇನ್ರಿ?

ಇಲ್ಲ. ಬೀದರಿನದು ಕೆಲಸ ನಡೆಯುತ್ತಿರುವ ವಾಯುನೆಲೆ. ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವುದು ಅಲ್ಲೇ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಅದೇ. ಅದರ ಪಕ್ಕದ ನಾಗರಿಕ ಟರ್ಮಿನಲ್‌ನಿಂದ 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು. ಕಲಬುರಗಿಯದು ಇನ್ನೂ ಹೊಸದು. ಶ್ರೀನಿವಾಸ ಸರಡಗಿ ಹತ್ತಿರದ ಈ ನಿಲ್ದಾಣ ಉದ್ಘಾಟನೆಯಾಗಿದ್ದು 2019ರ ನವೆಂಬರ್ 22ರಂದು. ಯಾದಗಿರಿ ಜಿಲ್ಲೆಯಲ್ಲಂತೂ ನಿಲ್ದಾಣವೇ ಇಲ್ಲ.

ವಿಮಾನ ಸೇವೆ ಏರುಪೇರಾಗುವುದು ಬೇರೆ, ನಿಲ್ದಾಣ ಮುಚ್ಚುವುದು ಬೇರೆ. ಹೈದರಾಬಾದಿನ ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳು 2008ರಲ್ಲಿ ಶಂಶಾಬಾದಿಗೆ ಹೋದವು. ಆದರೆ ಬೇಗಂಪೇಟೆ ಇವತ್ತಿಗೂ ವಿಮಾನ ನಿಲ್ದಾಣವೇ. ಹಾಗಾಗಿ “ಏರ್‌ಪೋರ್ಟ್ ಎತ್ತಂಗಡಿ ಆಗ್ತದ, ಈಗಲೇ ಬುಕ್ ಮಾಡ್ರಿ” ಅಂತ ಯಾರಾದರೂ ಬಂದರೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಹಾಗಿದ್ದರೆ ಇಲ್ಲಿ ಕೂತು ಇದನ್ನೆಲ್ಲ ಯಾಕೆ ಮಾತಾಡಬೇಕು? ಸೇಡಂ ರಸ್ತೆ, ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆ, ಎಲ್ಲಿ ನೋಡಿದರೂ ಹತ್ತಿಪ್ಪತ್ತು ಎಕರೆಯ ಲೇಔಟುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿವೆ. ಎಲ್ಲ ಸೇರಿದರೆ ಒಂದು ವಿಮಾನ ನಿಲ್ದಾಣದಷ್ಟು ಜಾಗ. ಅದನ್ನು ಒಟ್ಟಾಗಿ ನೋಡುವವರು ಮಾತ್ರ ಇಲ್ಲ. ದೊಡ್ಡ ಖಾಲಿ ಜಾಗದಲ್ಲಿ ಊರು ಕಟ್ಟಿದವರು ಯಾವುದನ್ನು ಮೊದಲು ಮಾಡಿದರು, ಯಾವುದನ್ನು ಆಮೇಲೆ ಅನ್ನುವುದು ನಮಗೂ ಬೇಕಾದ ವಿಷಯ.

ಜಾಗ ಸಪಾಟ ಅದ, ಖಾಲಿ ಅದ. ನಾಳೆನೇ ಕಟ್ಟಲಿಕ್ಕೆ ಏನಡ್ಡಿ?

ಮೇಲೆ ಖಾಲಿ, ಕೆಳಗೆ ತುಂಬಿದೆ. ಕಾಂಕ್ರೀಟು, ಇಂಧನದ ಪೈಪು, ಕೇಬಲ್ಲು, ಮುಚ್ಚಿಹಾಕಿದ ಹಳ್ಳ, ಎಣ್ಣೆ ಇಳಿದ ಮಣ್ಣು. ಮಿಲಿಟರಿ ಜಾಗವಾದರೆ ಸಿಡಿಯದೆ ಉಳಿದ ಬಾಂಬು, ಗುಂಡುಗಳನ್ನೂ ಹುಡುಕಬೇಕು. ಇದೆಲ್ಲ ಆದ ಮೇಲೂ ಆ ಜಾಗಕ್ಕೆ ನೀರಿಲ್ಲ, ಒಳಚರಂಡಿ ಇಲ್ಲ, ಒಳಗೆ ಹೋಗಲು ಒಂದೇ ಗೇಟು. ವಿಮಾನ ನಿಲ್ದಾಣ ಊರಿನ ರಸ್ತೆಗಳಿಗೆ ಬೆನ್ನು ಹಾಕಿ ಕಟ್ಟಿದ ಜಾಗ. ಸುತ್ತಲಿನ ಬೀದಿಗಳೆಲ್ಲ ಕಾಂಪೌಂಡಿಗೆ ಬಂದು ನಿಂತುಬಿಟ್ಟಿರುತ್ತವೆ.

ಸ್ಟೇಪಲ್ಟನ್ ಮುಚ್ಚಿದ್ದು 1995ರಲ್ಲಿ, ಮೊದಲ ಕುಟುಂಬಗಳು ಬಂದದ್ದು 2002ರಲ್ಲಿ. ಆಸ್ಪರ್ನ್‌ನಲ್ಲಂತೂ ಮುಚ್ಚಿದ್ದು 1977, ಮನೆಗಳಿಗೆ ಜನ ಬಂದದ್ದು 2014. ಮನೆ ಕಟ್ಟುವುದೇ ಬೇಗ ಮುಗಿಯುವ ಕೆಲಸ. ಅದಕ್ಕೆ ಮುಂಚಿನದ್ದೇ ಹೊತ್ತು ಹಿಡಿಯುತ್ತದೆ.

500 ಎಕರೆ ಇದ್ರ ಎಷ್ಟು ಪ್ಲಾಟ್ ಬೀಳ್ತಾವ?

ನಗರಾಭಿವೃದ್ಧಿ ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಕನಿಷ್ಠ ಶೇ. 15 ಜಾಗ ಉದ್ಯಾನ, ಆಟದ ಬಯಲಿಗೆ ಬಿಡಬೇಕು. ಅದರ ಮೇಲೆ ಕನಿಷ್ಠ ಶೇ. 10 ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೇ ಹೀಗೆ ಹೇಳುತ್ತದೆ. ರಸ್ತೆಗೆ ಇನ್ನೊಂದು ಕಾಲು ಭಾಗ ಹೋಗುತ್ತದೆ ಅಂದುಕೊಳ್ಳಿ. ಉಳಿಯುವುದು ಅರ್ಧ. ಒಂದು ಎಕರೆ ಅಂದರೆ 43,560 ಚದರಡಿ. ಅದರ ಅರ್ಧದಲ್ಲಿ 30×40ರ ಪ್ಲಾಟು 18 ಬೀಳುತ್ತವೆ. 500 ಎಕರೆಗೆ 9,000.

ಲೆಕ್ಕ ಇಲ್ಲಿಗೇ ನಿಲ್ಲಿಸಬಾರದು. ನಮ್ಮ ಕಡೆ ಒಂದು ಪ್ಲಾಟಿನಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಹತ್ತು ವರ್ಷದಲ್ಲಿ ಕುಟುಂಬಗಳ ಸಂಖ್ಯೆ ಎರಡರಷ್ಟಾಗುತ್ತದೆ. ಪೈಪು, ಚರಂಡಿ ಮಾತ್ರ ಪ್ಲಾಟಿನ ಲೆಕ್ಕದಲ್ಲಿ ಹಾಕಿದ್ದಾಗಿರುತ್ತದೆ. ಬೇಸಿಗೆಯಲ್ಲಿ ನೀರು ಸಾಲದೇ ಹೋಗುವುದು, ಮಳೆಗಾಲದಲ್ಲಿ ಚೇಂಬರ್ ಉಕ್ಕುವುದು ಅಲ್ಲಿಂದಲೇ ಶುರು.

ರನ್‌ವೇ ಹೆಂಗೂ ಅದ. ಅದನ್ನೇ ಮೇನ್ ರೋಡ್ ಮಾಡಿದ್ರ ಆಗಂಗಿಲ್ಲೇನು?

ಕೇಳಲು ಚೆನ್ನಾಗಿದೆ, ಬದುಕಲು ಕಷ್ಟ. ಕಲಬುರಗಿ ನಿಲ್ದಾಣದ ರನ್‌ವೇ 3,175 ಮೀಟರ್ ಉದ್ದ, 45 ಮೀಟರ್ ಅಗಲ ಇದೆ. ಅಂಥದ್ದನ್ನು ರಸ್ತೆ ಮಾಡಿದರೆ ಬೈಕು, ಕಾರು ಹಾರಿಕೊಂಡೇ ಹೋಗುತ್ತವೆ. ಅಜ್ಜಿಯೊಬ್ಬಳು ಆ ಬದಿಯಿಂದ ಈ ಬದಿಗೆ ದಾಟುವುದು ಹೇಗೆ? ಮೂರು ಕಿಲೋಮೀಟರ್‌ಗೆ ಒಂದು ಮರವೂ ಇಲ್ಲ. ಆ ಉದ್ದನೆಯ ಗೆರೆಯನ್ನು ನೆನಪಿಗೆ ಉಳಿಸಿಕೊಂಡು ಉದ್ಯಾನ, ನಡೆದಾಡುವ ದಾರಿ ಮಾಡಿದರೆ ಚೆಂದ. ರನ್‌ವೇಯನ್ನು ಆ ಊರಿನ ಗಾಳಿ ಬೀಸುವ ದಿಕ್ಕು ನೋಡಿಯೇ ಹಾಕಿರುತ್ತಾರೆ. ಆ ಸಾಲನ್ನು ತೆರೆದೇ ಬಿಟ್ಟರೆ ಗಾಳಿಯಾಡಲು ಜಾಗ ಸಿಗುತ್ತದೆ.

## ನೆಲ, ನೀರು

ಆ ಕಾಂಕ್ರೀಟ್ ಎಲ್ಲಾ ಒಡೆದು ಎಲ್ಲಿ ಒಯ್ದು ಹಾಕ್ತಾರ?

ಎಲ್ಲಿಗೂ ಒಯ್ಯಬಾರದು. ಮೂರು ಕಿಲೋಮೀಟರ್ ಉದ್ದ, 45 ಮೀಟರ್ ಅಗಲ, ಒಂದಡಿ ದಪ್ಪ ಅಂತ ಹಿಡಿದರೂ ಸುಮಾರು ಒಂದು ಲಕ್ಷ ಟನ್. ನಾಲ್ಕು ಸಾವಿರ ಟಿಪ್ಪರ್ ಲೋಡಿಗೂ ಜಾಸ್ತಿ. ಅದನ್ನು ಊರಾಚೆ ಸುರಿದು, ಬೇರೆ ಗುಡ್ಡ ಕಡಿದು ಜಲ್ಲಿ ತರುವುದು ಯಾವ ನ್ಯಾಯ? ಡೆನ್ವರ್‌ನಲ್ಲಿ ರನ್‌ವೇ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಬಳಸಿದರು. ನಮ್ಮಲ್ಲೂ ಇದಕ್ಕೆ ದಾರಿ ಇದೆ. 2016ರ ಐಎಸ್ 383 ಮಾನದಂಡದ ಪ್ರಕಾರ ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ (ಆರ್‌ಸಿಸಿ), ಎಂ25 ಎಂಬ ಗಟ್ಟಿತನದ ದರ್ಜೆಯವರೆಗೆ, ಶೇ. 20ರವರೆಗೆ ಹಾಕಬಹುದು. ರಸ್ತೆಯ ತಳಪಾಯಕ್ಕೆ, ಬೆಡ್ ಕಾಂಕ್ರೀಟಿಗೆ ಇನ್ನೂ ಧಾರಾಳವಾಗಿ ಬಳಸಬಹುದು. ಕ್ರಷರನ್ನು ಮಾತ್ರ ಮನೆಗಳ ಕಡೆಗೆ ಧೂಳು ಬಾರದ ದಿಕ್ಕಿನಲ್ಲಿ ಇಡಬೇಕು.

ನೆಲದಾಗ ಪೆಟ್ರೋಲ್ ಇಳಿದಿರ್ತದಂತ. ಬೋರ್ ಹೊಡಿಸಿದ್ರ ನೀರು ಕುಡಿಬಹುದೇನ್ರಿ?

ಪರೀಕ್ಷೆ ಮಾಡಿಸದೆ ಕುಡಿಯಬಾರದು. ಹಳೇ ವಿಮಾನ ನಿಲ್ದಾಣದಲ್ಲಿ ಮೂರು ಜಾಗಗಳನ್ನು ಮುಖ್ಯವಾಗಿ ನೋಡುತ್ತಾರೆ. ಇಂಧನದ ಟ್ಯಾಂಕು ಮತ್ತು ಅದರ ಪೈಪು ಹೋದ ದಾರಿ ಒಂದು. ವಿಮಾನ ರಿಪೇರಿ ಮಾಡುವ ಶೆಡ್ಡು ಇನ್ನೊಂದು. ಯಂತ್ರದ ಜಿಡ್ಡು ತೊಳೆಯುವ ರಾಸಾಯನಿಕ ಅಲ್ಲಿ ವರ್ಷಗಟ್ಟಲೆ ನೆಲಕ್ಕೆ ಬಿದ್ದಿರುತ್ತದೆ. ಮೂರನೆಯದು ಬೆಂಕಿ ಆರಿಸುವ ತಾಲೀಮು ನಡೆಸುವ ಜಾಗ. ಜನ ಇದನ್ನು ಮರೆಯುವುದೇ ಹೆಚ್ಚು, ಆದರೆ ಇದೇ ಎಲ್ಲಕ್ಕಿಂತ ತಲೆನೋವಿನದು. ಇಂಧನದ ಬೆಂಕಿಗೆ ಹೊಡೆಯುವ ನೊರೆಯಲ್ಲಿ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪು ಇರುತ್ತಿತ್ತು. ಡೀಸೆಲ್ಲಾದರೂ ಕಾಲಕ್ರಮೇಣ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಇವು ಹಾಗಲ್ಲ, ಕೊಳೆತು ಹೋಗದೆ ಉಳಿದು ನೀರಿನ ಜೊತೆ ದೂರ ಹೋಗುತ್ತವೆ.

ಆದ್ದರಿಂದ ಪ್ಲಾಟಿನ ನಕ್ಷೆ ಬರೆಯುವ ಮೊದಲೇ ಮಣ್ಣು, ಅಂತರ್ಜಲದ ಮಾದರಿ ತೆಗೆದು ನೋಡಬೇಕು. ಕೆಟ್ಟ ಮಣ್ಣಿನ ಜಾಗದ ಮೇಲೆ ಶಾಲೆ, ಮಕ್ಕಳ ಪಾರ್ಕು ಬರದ ಹಾಗೆ ನಕ್ಷೆ ಆಮೇಲೆ. ನಮ್ಮ ಕಡೆ ನಕ್ಷೆ ಮೊದಲು ಬಂದುಬಿಡುತ್ತದೆ, ಮಣ್ಣನ್ನು ಬಾವಿ ತೋಡುವವರೇ ಮೊದಲು ನೋಡುವುದು.

ನಮ್ದು ಎರೆಭೂಮಿ. ಹೊಸಾ ಮನಿ ಗೋಡಿನೂ ಬಿರುಕು ಬಿಡ್ತಾವ. ಅಲ್ಲಿ ಹ್ಯಾಂಗ?

ಕಲಬುರಗಿ, ಯಾದಗಿರಿ ಕಡೆಯವರಿಗೆ ಇದು ನಿಜವಾದ ಪ್ರಶ್ನೆ. ಏಪ್ರಿಲ್‌ನಲ್ಲಿ ತೊಗರಿ ಕಟಾವಾದ ಹೊಲಕ್ಕೆ ಹೋಗಿ ನೋಡಿ. ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತದೆ. ಜುಲೈ ಹೊತ್ತಿಗೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿರುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುವುದು, ಕಿಟಕಿಯ ಮೂಲೆಯಿಂದ ಓರೆಯಾಗಿ ಗೆರೆ ಓಡುವುದು ಇದಕ್ಕೇ. ಎಷ್ಟೋ ಜನ ಪ್ಲಾಸ್ಟರ್ ಕೆಟ್ಟಿದೆ ಅಂದುಕೊಂಡು ಪ್ರತಿವರ್ಷ ಪುಟ್ಟಿ ಹಚ್ಚುತ್ತಾರೆ.

ಹಳೇ ರನ್‌ವೇ ಕೆಳಗೆ ಇನ್ನೊಂದು ಸೂಕ್ಷ್ಮ ಇದೆ. ದಶಕಗಟ್ಟಲೆ ಕಾಂಕ್ರೀಟ್ ಮುಚ್ಚಿದ್ದರಿಂದ ಅಲ್ಲಿನ ಮಣ್ಣಿನ ತೇವ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಬಿಸಿಲು, ಮಳೆ ತಾಗಿ ಮಣ್ಣು ಅಲುಗಾಡಲು ಶುರು ಮಾಡುತ್ತದೆ. ಒಂದೆರಡು ಮಳೆಗಾಲ ಹಾಗೇ ಬಿಡಬೇಕು, ಇಲ್ಲವಾದರೆ ಎರೆಮಣ್ಣು ತೆಗೆದು ಮುರುಮ್‌ನಂಥ ಉಬ್ಬದ ಮಣ್ಣು ತುಂಬಿ ಗಟ್ಟಿ ಮಾಡಬೇಕು. ಎರೆ ಆಳವಾಗಿದ್ದರೆ ತುದಿಯಲ್ಲಿ ಗಂಟೆಯ ಹಾಗೆ ಅಗಲವಾದ ಅಂಡರ್‌ರೀಮ್ಡ್ ಪೈಲ್ ಹಾಕುತ್ತಾರೆ. ಸುಮಾರು ಮೂರೂವರೆ ಮೀಟರ್ ಕೆಳಗೆ ತೇವ ಋತುವಿಗೆ ತಕ್ಕಂತೆ ಬದಲಾಗುವುದಿಲ್ಲ. ಮನೆಯ ಕಾಲು ಅಲ್ಲಿ ಊರಿದರೆ ಮೇಲಿನ ಮಣ್ಣು ಏನು ಮಾಡಿದರೂ ನಡೆಯುತ್ತದೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ನಮ್ಮ ದೇಶದ ಎರೆಮಣ್ಣಿಗೆ ಅಂತಲೇ ಬೆಳೆಸಿದ್ದು. ಹತ್ತು ಸಾವಿರ ಮನೆಗೆ ಒಟ್ಟಾಗಿ ಮಾಡಿದರೆ ಒಂದೊಂದಕ್ಕೆ ಬೀಳುವ ಖರ್ಚು ಕಡಿಮೆ. ಪ್ಲಾಟು ಮಾರಿ ಕೈ ತೊಳೆದುಕೊಂಡರೆ ಪ್ರತಿ ಮನೆಯವರೂ ತಮ್ಮ ಮೇಸ್ತ್ರಿಯ ಬುದ್ಧಿಗೆ ಬಿಟ್ಟ ಹಾಗೆ.

ಬೀದರಿನದು ಬೇರೆ ಕಥೆ. ಅಲ್ಲಿ ಜಂಬಿಟ್ಟಿಗೆಯ ಗಟ್ಟಿ ಕೆಂಪು ನೆಲ, ಈ ಕಾಟ ಇಲ್ಲ.

50 ಸಾವಿರ ಮಂದಿಗೆ ನೀರು ಎಲ್ಲಿಂದ ತರ್ತೀರಿ? ಈಗ ಇದ್ದವರಿಗೇ ಸಾಲಂಗಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹತ್ತು ಸಾವಿರ ಮನೆ, ಮನೆಗೆ ಐದು ಜನ. ಒಳಚರಂಡಿ ಇರುವ ನಗರಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಮಾನದಂಡ. ಒಟ್ಟು ದಿನಕ್ಕೆ 67.5 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,350 ಟ್ಯಾಂಕರ್. ಒಂದು ದಿನಕ್ಕೆ! “ಸದ್ಯಕ್ಕೆ ಟ್ಯಾಂಕರ್, ಮುಂದೆ ಪೈಪ್‌ಲೈನ್” ಅನ್ನುವ ಭರವಸೆಗೆ ಅರ್ಥವೇ ಇಲ್ಲ ಅನ್ನುವುದು ಈ ಲೆಕ್ಕದಲ್ಲೇ ಕಾಣುತ್ತದೆ.

ಕಲಬುರಗಿಗೆ ಭೀಮಾ ಮತ್ತು ಬೆಣ್ಣೆತೊರಾ ನೀರು. ಯಾದಗಿರಿಗೂ ಭೀಮೆಯೇ. ಬೇಸಿಗೆಯಲ್ಲಿ ಭೀಮೆ ಹೇಗೆ ಸೊರಗುತ್ತಾಳೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹೊಸ ಊರಿಗೆ ಅಂತ ಅದರಿಂದಲೇ ತೆಗೆದರೆ ಹಳೇ ಓಣಿಯ ನಲ್ಲಿಗೆ ಕತ್ತರಿ ಬೀಳುತ್ತದೆ. ಹಾಗಾಗದಿರಲು ಎರಡು ಕೆಲಸ ಆಗಬೇಕು. ನೀರಿನ ಮಂಜೂರಾತಿ ಯಾವ ಮೂಲದಿಂದ, ದಿನಕ್ಕೆ ಎಷ್ಟು, ಯಾವ ವರ್ಷದಿಂದ ಅನ್ನುವುದು ಬರಹದಲ್ಲಿ ಸಿಕ್ಕ ಮೇಲೇ ಲೇಔಟಿಗೆ ಒಪ್ಪಿಗೆ ಕೊಡಬೇಕು. ಮತ್ತೆ, ಬಳಸಿದ ನೀರಿನಲ್ಲಿ ಸುಮಾರು ಶೇ. 80 ಚರಂಡಿಗೆ ಬರುತ್ತದೆ, ಅಂದರೆ ದಿನಕ್ಕೆ 54 ಲಕ್ಷ ಲೀಟರ್. ಅದನ್ನು ಅಲ್ಲೇ ಶುದ್ಧ ಮಾಡಿ ಗಿಡಕ್ಕೆ, ಕಟ್ಟಡದ ಕೆಲಸಕ್ಕೆ, ಕಕ್ಕಸಿನ ಫ್ಲಶ್‌ಗೆ ಬೇರೆ ಪೈಪಿನಲ್ಲಿ ಕೊಟ್ಟರೆ ನದಿಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಎರಡನೇ ಪೈಪನ್ನು ಖಾಲಿ ಜಾಗದಲ್ಲಿ ಹಾಕುವುದು ಸುಲಭ. ಜನ ಬಂದ ಮೇಲೆ ರಸ್ತೆ ಅಗೆದು ಹಾಕುವುದು ಯಾರಿಂದಲೂ ಆಗುವುದಿಲ್ಲ.

ನಮ್ಮ ಊರಿನಲ್ಲಿ ಇಂಥದ್ದೆಲ್ಲ ಆಗಲ್ಲ ಅನ್ನುವವರಿಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯ ಕೆಲವು ವಾರ್ಡುಗಳಿಗೂ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂದಿತ್ತು. ಪೈಪು ಹೊಸದು, ಮನೆಗೊಂದು ಮೀಟರು, ಸೋರಿಕೆ ಹಿಡಿಯುವವರು ಇದ್ದರು. ಹಾಗಾಗಿ ಆಯಿತು.

ಮಳಿ ನೀರು ಎಲ್ಲಿಗೆ ಹೋಗ್ತದ?

ಮೊದಲು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆ ಹೋಗಲು ಬಿಡಬೇಕು. ಡೆನ್ವರ್‌ನಲ್ಲಿ ವೆಸ್ಟರ್ಲಿ ಎಂಬ ಹಳ್ಳವನ್ನು ಪೈಪಿನೊಳಗೆ ತೂರಿಸಿ ಅದರ ಮೇಲೆ ರನ್‌ವೇ ಹಾಕಿದ್ದರು. ಊರು ಕಟ್ಟುವಾಗ ಪೈಪು ಕಿತ್ತು ಹಳ್ಳವನ್ನು ಬಯಲಿಗೆ ತಂದರು. ಈಗ ಅದರ ದಂಡೆಯೇ ಪಾರ್ಕು. ಆಸ್ಪರ್ನ್‌ನಲ್ಲಿ ಊರಿನ ನಡುವೆ ಕೆರೆಯನ್ನೇ ತೋಡಿದರು, ಅಗೆದ ಮಣ್ಣನ್ನು ಹೊರಗೆ ಸಾಗಿಸದೆ ಅಲ್ಲೇ ಬಳಸಿದರು.

ನಮ್ಮಲ್ಲಿ ಇದರ ಉಲ್ಟಾ ನಡೆಯುತ್ತದೆ. ಹೊಲದ ನಡುವಿನ ಹಳ್ಳ ಲೇಔಟ್ ನಕ್ಷೆಯಲ್ಲಿ 30 ಅಡಿ ರಸ್ತೆಯಾಗಿರುತ್ತದೆ. ಬೀದರಿನವರು ಇನ್ನೂ ಹುಷಾರಾಗಿರಬೇಕು. ನೌಬಾದಿನ ಕರೇಜ್, ನಮ್ಮವರು ಸುರಂಗಬಾವಿ ಅನ್ನುವುದು, ಬಹಮನಿ ಕಾಲದ್ದು. ನೀರು ನೆಲದಡಿಯ ಕಾಲುವೆಯಲ್ಲಿ ಇಳಿಜಾರಿಗೆ ಹರಿಯುತ್ತದೆ, ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಆ ಸಾಲಿನ ಮೇಲೆ ಒಂದು ಮನೆ ಎದ್ದರೂ, ಒಂದು ಕಿಂಡಿಗೆ ಮಣ್ಣು ತುಂಬಿದರೂ ಕೆಳಗಿನ ದಾರಿ ಕಟ್ಟುತ್ತದೆ. ಅಲ್ಲಿ ಯಾವ ಲೇಔಟ್ ಮಾಡಿದರೂ ಆ ಸಾಲನ್ನು ಮೊದಲು ಗುರುತು ಹಾಕಿ, ಅದರ ಎರಡೂ ಬದಿ ಬಯಲು ಬಿಡಬೇಕು.

## ಅಲ್ಲಿ ಬದುಕುವುದು

ಮೊದಲು ಮನಿ ಆಗ್ಲಿ, ಬಸ್ಸು, ಸಾಲಿ ಆಮ್ಯಾಲ ಬರ್ತಾವ. ಅಲ್ವಾ?

ಇಲ್ಲ. ನನ್ನ ಪ್ರಕಾರ ಎಲ್ಲ ಕೆಡುವುದು ಈ ಮಾತಿನಿಂದಲೇ.

ಆಸ್ಪರ್ನ್‌ನಲ್ಲಿ ಮೆಟ್ರೋ ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ಅಂದರೆ ಸುತ್ತ ಬರೀ ಮಣ್ಣು, ಕ್ರೇನು ಇರುವಾಗಲೇ ರೈಲು ಓಡುತ್ತಿತ್ತು. ಸಾಮಾನು ಇಳಿಸಿದ ಮರುದಿನವೇ ಕೆಲಸಕ್ಕೆ ರೈಲು ಹತ್ತಬಹುದಾದರೆ ಮನೆಗೆ ಎರಡನೇ ಗಾಡಿ ಯಾಕೆ ಬೇಕು? ಅಂಗಡಿಗಳನ್ನೂ ಹಾಗೇ ಯೋಚಿಸಿದರು. ಮುಖ್ಯ ಬೀದಿಯ ನೆಲಮಹಡಿಯ ಅಂಗಡಿಗಳನ್ನು ಒಬ್ಬೊಬ್ಬ ಮಾಲೀಕರಿಗೆ ಬಿಡದೆ ಒಂದೇ ಸಂಸ್ಥೆ ನೋಡಿಕೊಂಡಿತು. ದಿನಸಿ, ಔಷಧಿ, ಬೇಕರಿ ಮೊದಲಿಗೇ ಬರಲಿ ಅಂತ. ಇಲ್ಲದಿದ್ದರೆ ಬಾಡಿಗೆ ಜಾಸ್ತಿ ಕೊಡುವವರಷ್ಟೇ ಬರುತ್ತಿದ್ದರು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಅಲ್ಲಿನ ಹೆಚ್ಚಿನ ಬೀದಿಗಳಿಗೆ ಹೆಣ್ಣುಮಕ್ಕಳ ಹೆಸರು ಇಟ್ಟಿದ್ದಾರೆ.

ನಾರ್ಥ್‌ಸ್ಟೋದಲ್ಲಿ ಶಾಲೆ ಬೇಗ ಬಂತು, ಕೇಂಬ್ರಿಡ್ಜ್‌ಗೆ ಬಸ್ಸಿನದೇ ಪ್ರತ್ಯೇಕ ದಾರಿಯೂ ಮೊದಲೇ ಇತ್ತು. ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ 2017ರಲ್ಲಿ ಜನ ಬರತೊಡಗಿದ ಮೇಲೂ ವರ್ಷಗಟ್ಟಲೆ ಊರೊಳಗೆ ಸರಿಯಾದ ಅಂಗಡಿ ಸಾಲು ಇರಲಿಲ್ಲ, ವೈದ್ಯರ ಕಟ್ಟಡ ಇರಲಿಲ್ಲ. ಸಾವಿರಾರು ಜನ ಹಾಲಿಗೂ ಪಕ್ಕದೂರಿಗೆ ಹೋಗುವ ಪರಿಸ್ಥಿತಿ. ಶ್ರೀಮಂತ ದೇಶದಲ್ಲೇ ಹೀಗಾದರೆ “ಆಮ್ಯಾಲ ಬರ್ತಾವ” ಅಂತ ನಂಬಿ ಕೂರುವುದು ಹೇಗೆ?

ನಮ್ಮ ಲೇಔಟುಗಳನ್ನು ನೀವೇ ನೋಡಿದ್ದೀರಿ. ಬಣ್ಣದ ಕಮಾನು ಎದ್ದಿರುತ್ತದೆ. ಒಳಗೆ ನಂಬರ್ ಬರೆದ ಕಲ್ಲು, ತಂತಿ ಇಲ್ಲದ ಕಂಬ, ಜಾಲಿ ಬೆಳೆದ ಪಾರ್ಕಿನ ಜಾಗ. ನಾಲ್ಕು ಮನೆ ಎದ್ದಿರುತ್ತವೆ. ಸಂಜೆ ಟ್ಯಾಂಕರ್ ಬಂದಾಗ ಆ ನಾಲ್ಕು ಮನೆಯ ಹೆಂಗಸರು ಕೊಡ, ಡ್ರಮ್ಮು ಹಿಡಿದು ಹೊರಗೆ ಬರುತ್ತಾರೆ. ಮಕ್ಕಳ ಸ್ಕೂಲ್ ವ್ಯಾನು ಕೆಸರಿಗೆ ಹೆದರಿ ಮೇನ್ ರೋಡಿನಲ್ಲೇ ನಿಲ್ಲುತ್ತದೆ. ಆ ನಾಲ್ಕು ಕುಟುಂಬ ಏನು ತಪ್ಪು ಮಾಡಿವೆ?

ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 5,000 ಜನಕ್ಕೆ ಒಂದು ಪ್ರಾಥಮಿಕ ಶಾಲೆ ಬೇಕು. 50 ಸಾವಿರಕ್ಕೆ ಹತ್ತು. ಜಾಗ ಬಿಟ್ಟರೆ ಸಾಲದು, ಎಷ್ಟನೇ ಮನೆಗೆ ಜನ ಬರುವ ಮೊದಲು ಯಾವ ಶಾಲೆ ತೆರೆದಿರಬೇಕು ಅಂತ ಒಪ್ಪಂದದಲ್ಲಿ ಬರೆಯಬೇಕು. ಇಂಗ್ಲೆಂಡಿನಲ್ಲಿ ಹೀಗೇ ಬರೆಸಿಕೊಳ್ಳುತ್ತಾರೆ. ನಮ್ಮಲ್ಲೂ ಕೆಲಸ ಮುಗಿದ ಹಾಗೆ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಇದೆ. ಅದನ್ನು ಬಿಗಿಯಾಗಿ ಹಿಡಿದರೆ ಸಾಕು. ಬಸ್ಸಿನ ವಿಷಯದಲ್ಲಂತೂ ನೆಪ ಹೇಳುವ ಹಾಗಿಲ್ಲ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಮೊದಲ ಎರಡು ವರ್ಷ ಬಸ್ಸು ಖಾಲಿ ಓಡುತ್ತದೆ ನಿಜ. ಆ ನಷ್ಟವನ್ನು ಯೋಜನೆಯ ಖರ್ಚಿನಲ್ಲೇ ಸೇರಿಸಬೇಕು.

ನಮ್ಮ ಬಿಸಿಲಿಗೆ ಅಂಥಾ ಬಯಲಿನಾಗ ಇರಲಿಕ್ಕೆ ಆಗ್ತದೇನ್ರಿ?

ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು ನಮ್ಮದು. ವಿಮಾನ ನಿಲ್ದಾಣದಲ್ಲಿ ಹಕ್ಕಿ ಕೂತರೆ ವಿಮಾನಕ್ಕೆ ಅಪಾಯ ಅಂತ ಮರ ಬೆಳೆಯಲು ಬಿಟ್ಟೇ ಇರುವುದಿಲ್ಲ. ಅಂದರೆ ನೆರಳು ಸೊನ್ನೆಯಿಂದ ಶುರು. ಬೇವು, ಹೊಂಗೆ, ಹುಣಸೆ ನೆರಳು ಕೊಡುವಷ್ಟಾಗಲು ಹತ್ತು ವರ್ಷ ಬೇಕು. ಆದ್ದರಿಂದ ನಕ್ಷೆಗೆ ಒಪ್ಪಿಗೆ ಸಿಕ್ಕ ವರ್ಷವೇ, ರಸ್ತೆ ಹಾಕುವ ಮೊದಲೇ, ಮರದ ಸಾಲು ನೆಡಬೇಕು. ಬೀದಿ ಕಿರಿದಾಗಿದ್ದು ಮನೆಗಳು ಒಂದರ ಮೇಲೊಂದು ನೆರಳು ಬೀಳಿಸುವಂತಿದ್ದರೆ ಇನ್ನೂ ಒಳ್ಳೆಯದು. ಕಲಬುರಗಿಯ ಹಳೇ ಓಣಿಗಳಲ್ಲಿ ಮಧ್ಯಾಹ್ನ ನಡೆದವರಿಗೆ ಇದು ಗೊತ್ತು. 60 ಅಡಿ ರಸ್ತೆ ಅಂದರೆ ನಮಗೆ ಪ್ರತಿಷ್ಠೆ, ಆದರೆ ಮರ ಇಲ್ಲದ 60 ಅಡಿ ರಸ್ತೆಯಲ್ಲಿ ಮಕ್ಕಳು ಆಡುವುದಿಲ್ಲ.

ಬಡವರಿಗೂ ಸಿಗ್ತಾವೇನು, ಇಲ್ಲ ಬರೇ ದೊಡ್ಡವರಿಗೇನು?

ಮೊದಲ ದಿನವೇ ಬರೆದಿಟ್ಟರೆ ಸಿಗುತ್ತವೆ. ಆಸ್ಟಿನ್‌ನ ಮುಲ್ಲರ್‌ನಲ್ಲಿ ಕನಿಷ್ಠ ಕಾಲು ಭಾಗ ಮನೆಗಳು ಕಡಿಮೆ ಆದಾಯದವರಿಗೆ ಅಂತ ಮೊದಲೇ ಗೊತ್ತು ಮಾಡಿದ್ದರು. ಜಾಗ ಸರ್ಕಾರದ ಕೈಯಲ್ಲಿ ಇರುವಾಗ ಮಾತ್ರ ಈ ಷರತ್ತು ಹಾಕಲು ಆಗುತ್ತದೆ. ಮಾರಿದ ಮೇಲೆ ಯಾರೂ ಕೇಳುವುದಿಲ್ಲ. ಇನ್ನೊಂದು, ಸಣ್ಣ ಮನೆಗಳನ್ನೆಲ್ಲ ಚರಂಡಿ ಘಟಕದ ಪಕ್ಕದ ಮೂಲೆಗೆ ತಳ್ಳಬಾರದು. ದೊಡ್ಡ ಮನೆ, ಸಣ್ಣ ಮನೆ ಒಂದೇ ಬೀದಿಯಲ್ಲಿರಬೇಕು. ಹೊಸ ಊರಿನಲ್ಲಿ ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ, ತರಕಾರಿ ಮಾರಲು ಬರುವವರೂ ಅದೇ ಊರಿನವರಾಗಿರಲಿ.

ಹಳೇ ಕಟ್ಟಡ ಎಲ್ಲಾ ಕೆಡವ್ತಾರ?

ಒಂದೆರಡಾದರೂ ಉಳಿಸಬೇಕು. ಡೆನ್ವರ್, ಆಸ್ಟಿನ್ ಎರಡೂ ಕಡೆ ಕಂಟ್ರೋಲ್ ಟವರ್ ಇನ್ನೂ ನಿಂತಿದೆ. ಆಸ್ಟಿನ್‌ನಲ್ಲಿ ವಿಮಾನ ನಿಲ್ಲಿಸುತ್ತಿದ್ದ ಹಳೇ ಹ್ಯಾಂಗರಿನಡಿ ವರ್ಷಗಟ್ಟಲೆ ರೈತರ ಸಂತೆ ಸೇರುತ್ತಿತ್ತು. ಅಷ್ಟು ಎತ್ತರದ ನೆರಳು ನಮ್ಮ ಸಂತೆಗಳಿಗೆ ಸಿಕ್ಕಿದ್ದರೆ!

## ಕಾಗದ, ಹಣ, ಹಕ್ಕು

ನಮ್ಮಜ್ಜನ ಹೊಲ ಏರ್‌ಪೋರ್ಟಿಗೆ ಹೋಗಿತ್ತು. ಮುಚ್ಚಿದ್ರ ವಾಪಸ್ ಕೊಡ್ತಾರೇನ್ರಿ?

ಸಾಮಾನ್ಯವಾಗಿ ಇಲ್ಲ. 1894ರ ಹಳೇ ಕಾಯ್ದೆಯಡಿ ಸ್ವಾಧೀನವಾಗಿ ಪರಿಹಾರ ಕೊಟ್ಟು ಮುಗಿದಿದ್ದರೆ ಜಮೀನು ಪೂರ್ತಿ ಸರ್ಕಾರದ್ದು. ಉದ್ದೇಶ ಬದಲಾದರೂ ವಾಪಸ್ ಕೇಳುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಬೇರೆ ಬೇರೆ ಪ್ರಕರಣಗಳಲ್ಲಿ ಹೇಳಿದೆ. 2013ರ ಕಾಯ್ದೆಯಡಿ ತೆಗೆದುಕೊಂಡ ಜಮೀನಿಗೆ 101ನೇ ಕಲಮು ಇದೆ. ಸ್ವಾಧೀನ ಪಡೆದು ಐದು ವರ್ಷ ಬಳಸದೆ ಬಿಟ್ಟರೆ ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಅದು ಹೋಗಬೇಕು. ಆ “ಅಥವಾ”ದಲ್ಲಿ ರೈತರ ಆಸೆ ಎಷ್ಟೋ ಸಲ ಸಿಕ್ಕಿಬೀಳುತ್ತದೆ.

ಕಾನೂನು ಹೀಗಿದ್ದರೂ ನ್ಯಾಯ ಅಲ್ಲಿಗೆ ಮುಗಿಯಬಾರದು. ಎಕರೆಗೆ ಪುಡಿಗಾಸು ಪಡೆದು ಹೊಲ ಬಿಟ್ಟವರ ಮೊಮ್ಮಕ್ಕಳು ಅದೇ ನೆಲದಲ್ಲಿ ಚದರಡಿಗೆ ಸಾವಿರ ಕೊಟ್ಟು ಪ್ಲಾಟು ಕೊಳ್ಳಬೇಕೇ? ಅಂಥ ಕುಟುಂಬಗಳಿಗೆ ಮೊದಲ ಆದ್ಯತೆ, ರಿಯಾಯಿತಿ ದರ ಯೋಜನೆಯಲ್ಲೇ ಇರಬೇಕು.

ಊರ ಮಂದಿ ಬ್ಯಾಡ ಅಂದ್ರ ಏನಾಗ್ತದ?

ಬರ್ಲಿನ್‌ನಲ್ಲಿ ಏನಾಯಿತು ಅಂತ ನೋಡಿ. ಟೆಂಪಲ್‌ಹಾಫ್ ನಿಲ್ದಾಣ 2008ರಲ್ಲಿ ಮುಚ್ಚಿತು. 2010ರಲ್ಲಿ ಬಯಲನ್ನು ಜನರಿಗೆ ತೆರೆದರು. ರನ್‌ವೇ ಮೇಲೆ ಸೈಕಲ್ಲು, ಗಾಳಿಪಟ, ಸಣ್ಣ ಕೈತೋಟ. ನಗರ ಸರ್ಕಾರ ಬಯಲಿನ ಅಂಚಿನಲ್ಲಿ ಮನೆ ಕಟ್ಟುತ್ತೇವೆ, ನಡುವಿನದ್ದು ಹಾಗೇ ಬಿಡುತ್ತೇವೆ ಅಂದಿತು. 2014ರ ಮೇ 25ರಂದು ಮತ ಹಾಕಿ ಜನ ಬೇಡ ಅಂದರು. ಕಾನೂನೇ ಆಯಿತು, ಯೋಜನೆ ನಿಂತಿತು. ಅಲ್ಲಿ ಬಾಡಿಗೆ ಮನೆಗೆ ಪರದಾಡುವವರು ಈಗಲೂ ಇದನ್ನು ಬೈಯುತ್ತಾರೆ, ಸಂಜೆ ಅಲ್ಲಿ ನಡೆಯುವವರು ಹೊಗಳುತ್ತಾರೆ. ನನಗೆ ಎರಡೂ ಕಡೆಯ ನೋವು ಅರ್ಥವಾಗುತ್ತದೆ. ಆದರೆ ಜನರನ್ನು ಕೇಳಿದ್ದು ಸರಿ. ನಮ್ಮಲ್ಲಿ ಆಕ್ಷೇಪಣೆ ಸಲ್ಲಿಸಲು ಒಂದು ಅವಧಿ ಕೊಡುತ್ತಾರೆ, ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ, ಯಾರೂ ಓದುವುದಿಲ್ಲ. ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಬಂದಾಗ ನಿಮ್ಮ ಓಣಿಯ ಪುಟವನ್ನಾದರೂ ಹೋಗಿ ನೋಡಿ, ತಕರಾರಿದ್ದರೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇಷ್ಟೆಲ್ಲಾ ಮೊದಲೇ ಮಾಡ್ಲಿಕ್ಕೆ ರೊಕ್ಕ ಯಾರು ಹಾಕ್ತಾರ?

ಜಾಗವೇ ಹಾಕುತ್ತದೆ, ಅವಸರದಲ್ಲಿ ಮಾರದಿದ್ದರೆ. ಒಂದು ಸಾರ್ವಜನಿಕ ಸಂಸ್ಥೆ ಇಡೀ ಜಾಗ ಇಟ್ಟುಕೊಂಡು, ಸಾಲ ತೆಗೆದು ನೀರು, ಚರಂಡಿ, ರಸ್ತೆ ಮಾಡುತ್ತದೆ. ಮೊದಲ ತುಂಡನ್ನು ಮಾರುತ್ತದೆ. ಅಲ್ಲಿ ಶಾಲೆ, ಬಸ್ಸು ನಡೆಯುವುದನ್ನು ನೋಡಿ ಎರಡನೇ ತುಂಡಿನ ಬೆಲೆ ಏರುತ್ತದೆ. ಆ ಏರಿದ ಬೆಲೆಯಿಂದ ಸಾಲ ತೀರುತ್ತದೆ. ಡೆನ್ವರ್‌ನಲ್ಲಿ ಮುಂದೆ ಆ ಜಾಗದಿಂದ ಬರುವ ತೆರಿಗೆಯ ಹೆಚ್ಚುವರಿಯನ್ನೇ ಆಧಾರವಾಗಿಟ್ಟು ಹಣ ಎತ್ತಿದರು. ಒಂದೇ ಸಲ ಇಡೀ ಜಾಗವನ್ನು ಹರಾಜಿಗಿಟ್ಟರೆ ಖಜಾನೆಗೆ ಆ ವರ್ಷ ದೊಡ್ಡ ಮೊತ್ತ ಬರುತ್ತದೆ. ಬೆಲೆ ಏರಿದ ಲಾಭವೆಲ್ಲ ಕೊಂಡವರ ಪಾಲು, ಶಾಲೆ ಕಟ್ಟುವ ಹೊಣೆ ಮಾತ್ರ ಪಾಲಿಕೆಯ ತಲೆಗೆ.

ನಾನು ಕಲಬುರಗಿ ಏರ್‌ಪೋರ್ಟ್ ಕಡೆ ಪ್ಲಾಟ್ ತಗೋಬೇಕಂತ ಮಾಡೀನಿ. ಏನೇನು ನೋಡ್ಲಿ?

ನಡೆಯುತ್ತಿರುವ ನಿಲ್ದಾಣದ ಪಕ್ಕ ಮೊದಲು ನೋಡಬೇಕಾದದ್ದು ಎತ್ತರ. ದೊಡ್ಡ ರನ್‌ವೇ ಸುತ್ತ ಸುಮಾರು ನಾಲ್ಕು ಕಿಲೋಮೀಟರ್‌ವರೆಗೆ ಕಟ್ಟಡ ನಿಲ್ದಾಣದ ಮಟ್ಟದಿಂದ 45 ಮೀಟರ್ ಮೀರುವಂತಿಲ್ಲ. ರನ್‌ವೇ ತುದಿಯ ನೇರಕ್ಕೆ ಇನ್ನೂ ಬಿಗಿ. ಎರಡಂತಸ್ತಿನ ಮನೆಗೆ ಇದು ಅಷ್ಟಾಗಿ ತಾಗದು, ಆದರೆ ರನ್‌ವೇ ನೇರಕ್ಕಿರುವ ಪ್ಲಾಟಿನಲ್ಲಿ ಸದ್ದು ನೀವು ಬದುಕಿರುವವರೆಗೂ ಇರುತ್ತದೆ.

ಆಮೇಲೆ ಕಾಗದ. ಎನ್‌ಎ ಆಗಿದೆ ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆ ಅಂತ ಅಷ್ಟೇ. ಲೇಔಟಿಗೆ ಒಪ್ಪಿಗೆ ಸಿಕ್ಕಿದೆ ಅಂತಲ್ಲ. ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಪ್ರಾಧಿಕಾರ ಒಪ್ಪಿದ ನಕ್ಷೆಯನ್ನು ಕೇಳಿ, ಅದರಲ್ಲಿ ನಿಮ್ಮ ಪ್ಲಾಟಿನ ನಂಬರ್ ಹುಡುಕಿ. ಲೇಔಟಿನ ಒಟ್ಟು ಜಾಗ 500 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು. ನೋಂದಣಿ ಇದ್ದರೆ ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ. 70ನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ರೇರಾ ಜಾಲತಾಣದಲ್ಲಿ ನೀವೇ ನೋಡಬಹುದು, ಏಜೆಂಟ್ ತೋರಿಸಿದ ಫೋಟೋ ಸಾಲದು.

ಕೊನೆಗೆ ಒಂದು ಸಲ ಆಗಸ್ಟ್‌ನಲ್ಲಿ, ಜೋರು ಮಳೆ ಬಂದ ಮರುದಿನ ಹೋಗಿ ಬನ್ನಿ. ನೀರು ಎಲ್ಲಿ ನಿಂತಿದೆ, ಗಾಡಿ ಎಲ್ಲಿವರೆಗೆ ಹೋಗುತ್ತದೆ ನೋಡಿ. ಅಲ್ಲಿ ಆಗಲೇ ಮನೆ ಕಟ್ಟಿಕೊಂಡವರ ಬಾಗಿಲು ತಟ್ಟಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿ. ಆ ಮೊತ್ತವನ್ನು ಬ್ಯಾಂಕಿನ ಕಂತಿಗೆ ಕೂಡಿಸಿ, ಆಮೇಲೆ ಮುಂಗಡದ ಮಾತಾಡಿ.